ಈ ಹಳೇ ಪಿಸಿ ಕಸ ಅಲ್ಲ

ಫೋಟೋದಲ್ಲಿರೋ ಧೂಳು ಹಿಡಿದ ಕಂಪ್ಯೂಟರ್ ನೋಡಿದ್ರಾ? ಇದನ್ನ ಫಾರ್ಮ್ಯಾಟ್ ಮಾಡಿ ಗುಜರಿಗೆ ಹಾಕು ಅಂತ ಹೇಳಿದವನು ನಾನೇ.

ಹೊನ್ನವಳ್ಳಿಯ ಒಂದು ತೆಂಗಿನಪುಡಿ ಕಾರ್ಖಾನೇಲಿ ನನ್ನ ಕೆಲಸ. ಮೇಲ್ ಸರ್ವರ್ ಆಫೀಸಲ್ಲೇ ಇತ್ತು. ಕರೆಂಟ್ ಹೋದಾಗಲೆಲ್ಲ ಯುಪಿಎಸ್ ಕಿರುಚೋದು, ನನ್ನೆದೆ ಹೊಡ್ಕೊಳ್ಳೋದು. ಸಾಕಾಗಿ ಎಲ್ಲವನ್ನೂ ಕ್ಲೌಡ್‌ಗೆ ಸಾಗಿಸಿದ್ವಿ.

ಹೊಸ ಮೇಲ್ ತಿರುಗಿಸೋದು ಸುಲಭ ಕಣ್ರೀ. ಡೊಮೈನ್‌ನ ಎಂಎಕ್ಸ್ ರೆಕಾರ್ಡ್ ಬದಲಾಯಿಸಿದ್ರೆ, ಪೋಸ್ಟ್‌ಮ್ಯಾನ್‌ಗೆ ಹೊಸ ವಿಳಾಸ ಕೊಟ್ಟ ಹಾಗೆ. ಹಳೇ ವಿಳಾಸ ನೆನಪಿಟ್ಟುಕೊಂಡವರಿಂದ ಒಂದೆರಡು ದಿನ ಅಲ್ಲಿಗೂ ಬರ್ತವೆ, ಹಳೇ ಸರ್ವರ್ ತಕ್ಷಣ ಆರಿಸಬೇಡಿ, ಅಷ್ಟೇ.

ಆದರೆ ನಿವೃತ್ತರಾದ ಲೆಕ್ಕಿಗರ ಖಾತೆ ತೆರೆದರೆ ಪೂರ್ತಿ ಖಾಲಿ! ಅವರದ್ದು ಪಾಪ್3 ಸೆಟ್ಟಿಂಗ್. ಮೇಲ್ ಪಿಸಿಗೆ ಇಳಿದ ಮೇಲೆ ಸರ್ವರ್‌ನಿಂದ ಅಳಿಸಿಹೋಗ್ತಿತ್ತು. ಯಾರು ಯಾವ ರೇಟಿಗೆ ಒಪ್ಪಿದ್ರು, ಯಾರ ಬಾಕಿ ಎಷ್ಟು, ವರ್ಷಗಳ ಮಾತೆಲ್ಲ ಈ ಪಿಸಿಯ ಒಂದೇ ಪಿಎಸ್‌ಟಿ ಫೈಲಲ್ಲಿ. ಅಟ್ಟದ ಮೇಲಿನ ಕೊಬ್ಬರಿಯಾದ್ರೆ ಅಲ್ಲಾಡಿಸಿದಾಗ ಲೊಡಲೊಡ ಅಂದು ಒಳಗಿದ್ದೀನಿ ಅನ್ನುತ್ತೆ. ಇದಕ್ಕೆ ಆ ಸದ್ದೂ ಇಲ್ಲ. ಫಾರ್ಮ್ಯಾಟ್ ಮಾಡಬೇಕಿದ್ದ ಹುಡುಗ ಊಟಕ್ಕೆ ಹೋಗಿದ್ದ, ಅದಕ್ಕೇ ಉಳೀತು. ನಿಮ್ಮಲ್ಲೂ ಸಾಗಾಟ ನಡೀತಿದ್ರೆ ಮೊದಲು ಹಳಬರ ಪಿಸಿ ತೆರೆದು ನೋಡಿ.

ಪಾಸ್‌ವರ್ಡ್ ಕೇಳೋಕೆ ಅವರ ಮನೆಗೆ ಹೋದೆ. ಕಾಯಿ ಸುಲೀತಿದ್ರು. “ಎಲ್ಲಾ ಹೋಯ್ತೇನಪ್ಪಾ?” ಅಂದ್ರು.

“ಇಲ್ಲ ಸಾರ್, ಇದೆ” ಅಂದೆ. ಊಟದ ವಿಷಯ ಹೇಳಲಿಲ್ಲ.