ಮಯೂರಶರ್ಮನೂ ನಮ್ಮ ಅಪ್ಪಯ್ಯನೂ

ಶಿಕಾರಿಪುರ, ಸೊರಬ ತಾಲ್ಲೂಕುಗಳ ಜನರಿಗೆ ಮಯೂರಶರ್ಮನು ಚರಿತ್ರೆಯ ಪುಸ್ತಕದಲ್ಲಿ ಬರುವ ಅರಸನಷ್ಟೇ ಅಲ್ಲ. ಒಂದು ಬಗೆಯಲ್ಲಿ ಹಿರಿಯ ನೆಂಟ. ಅವನ ಊರಾದ ತಾಳಗುಂದ ಶಿರಾಳಕೊಪ್ಪದ ಮಗ್ಗುಲಲ್ಲಿದೆ. ಅವನು ಆಳಿದ ಬನವಾಸಿ ನಮ್ಮ ಆನವಟ್ಟಿಯ ಕಡೆಯವರಿಗೆ ಪರಸ್ಥಳವೇನೂ ಅಲ್ಲ. ವರದಾ ನದಿಯ ನೀರು ಇಬ್ಬರಿಗೂ ಒಂದೇ. ನೆಂಟನೆಂದ ಮೇಲೆ ಅವನ ಗುಣದೋಷಗಳನ್ನು ಆಡಿಕೊಳ್ಳುವ ಹಕ್ಕು ಎಲ್ಲರಿಗೂ ಉಂಟಷ್ಟೆ. ಆದರೆ ವಿಚಾರಿಸಿ ನೋಡಿದರೆ ನಮ್ಮ ಜನ ಕಂಡಿರುವ ಮಯೂರನು 1975ರ ಚಲನಚಿತ್ರದ ರಾಜಕುಮಾರರೇ. ಆ ಚಿತ್ರಕ್ಕೆ ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ ಆಧಾರವೆಂದು ಬಲ್ಲವರು ಕಡಮೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬವನ್ನು ನಿಂತು ನೋಡಿದವರು ಇನ್ನೂ ಕಡಮೆ. ಮೋಟಾರಿನಲ್ಲಿ ಅದೇ ದಾರಿಯಲ್ಲಿ ಮೂರು ವರ್ಷ ಓಡಾಡಿದ ನಮ್ಮ ತರಗತಿಯವರ ಮಾತನ್ನೇ ನಾನು ಹೇಳುತ್ತಿದ್ದೇನೆ.

ಈ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ‘ಮಯೂರಶರ್ಮನು ಸಮರ್ಥ ಸೇನಾನಿಯಲ್ಲ, ಕಾಲ ಕೂಡಿಬಂದ ಅದೃಷ್ಟವಂತ’ ಎಂಬ ವಿಷಯವನ್ನಿಟ್ಟಿದ್ದರು. ನಾನು ವಿರೋಧವಾಗಿ ಮಾತನಾಡಿದೆನು. ಅಂದರೆ ಅರಸನ ಪರವಾಗಿ. ನೆರೆಯವನನ್ನು ಬಿಟ್ಟುಕೊಡಲಾದೀತೆ?

ಕಥೆ ಎಲ್ಲರಿಗೂ ತಿಳಿದದ್ದೇ. ತಾಳಗುಂದದ ಬ್ರಾಹ್ಮಣ ಕುಮಾರನೊಬ್ಬನು ತನ್ನ ಗುರು ವೀರಶರ್ಮನೊಡನೆ ಪಲ್ಲವರ ಕಂಚಿಗೆ ಹೋಗುತ್ತಾನೆ. ಈ ವೀರಶರ್ಮನು ಅವನ ತಾತನೆಂದೂ ಇತಿಹಾಸಕಾರರು ಹೇಳುವುದುಂಟು. ಕಂಚಿಯ ಘಟಿಕೆಯಲ್ಲಿ ವೇದಾಧ್ಯಯನವನ್ನು ಪೂರ್ತಿ ಮಾಡಬೇಕೆಂಬುದು ಅವನ ಆಸೆ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗುತ್ತದೆ. ಜಗಳಕ್ಕೆ ಕಾರಣವೇನೆಂದು ಶಾಸನ ಹೇಳುವುದಿಲ್ಲ. ಅಂತೂ ದರ್ಭೆ ಸಮಿತ್ತುಗಳನ್ನು ಹಿಡಿದ ಕೈ ಕತ್ತಿಯನ್ನು ಹಿಡಿಯಿತು. ಕ್ರಿ.ಶ. 345ರ ಸುಮಾರಿಗೆ ಕದಂಬ ರಾಜ್ಯ ಹುಟ್ಟಿತು.

ಈಗ ಸೇನಾನಿಯ ಮಾತು. ಅವನು ಮೊದಲು ಸೋಲಿಸಿದ್ದು ಪಲ್ಲವರ ಗಡಿ ಕಾಯುವ ಅಂತಪಾಲರನ್ನು. ಅನಂತರ ಹೊಕ್ಕದ್ದು ಶ್ರೀಪರ್ವತದವರೆಗೆ ಹಬ್ಬಿದ್ದ ಕಾಡನ್ನು. ಈಗ ನಾವು ಶ್ರೀಶೈಲವೆನ್ನುವ ಸೀಮೆ ಅದು. ಈ ಆಯ್ಕೆಯನ್ನು ನೋಡಿ. ಕುದುರೆಯ ಬಲವೆಲ್ಲ ಬಯಲಿನಲ್ಲಿ. ಹಳು ಬೆಳೆದ ಇಳಿಜಾರಿನಲ್ಲಿ ಸವಾರನು ಇಳಿದು ಕುದುರೆಯನ್ನು ಎಳೆದುಕೊಂಡೇ ನಡೆಯಬೇಕು. ಚಂದ್ರಗುತ್ತಿಯ ಗುಡ್ಡ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುದುರೆಯವನಿಂದ ಅವಮಾನಪಟ್ಟವನು ಕುದುರೆಗೆ ಕೆಲಸವಿಲ್ಲದ ನೆಲವನ್ನೇ ಹುಡುಕಿ ಸೇರಿಕೊಂಡನಲ್ಲ, ಅದು ಸಿಟ್ಟಿನ ಕೆಲಸವೆಂದು ನನಗೆ ತೋರುವುದಿಲ್ಲ, ಲೆಕ್ಕದ ಕೆಲಸ.

ಆ ಕಾಡಿನಿಂದ ಅವನು ಬೃಹದ್ಬಾಣರೇ ಮೊದಲಾದ ಅರಸರ ಮೇಲೆ ಕಪ್ಪ ಹಾಕಿದನು. ‘ಇದಕ್ಕೆ ದರೋಡೆ ಎನ್ನುತ್ತಾರೆ’ ಎಂದು ಎದುರು ಪಕ್ಷದವರು ನಕ್ಕರು, ಸಭೆಯೂ ನಕ್ಕಿತು. ನಗಲಿ. ಆದರೆ ಕಾಡಿನಲ್ಲಿ ಕುಳಿತ ದಂಡು ಏನನ್ನು ಉಣ್ಣಬೇಕು? ಪಲ್ಲವರ ಸೈನ್ಯ ಬಂದಾಗ ಅವನು ಹಗಲಿನಲ್ಲಿ ಎದುರು ನಿಲ್ಲಲಿಲ್ಲ. ರಾತ್ರಿಯ ಹೊತ್ತು ಡೇಗೆಯಂತೆ ಮೇಲೆ ಬಿದ್ದನೆಂದು ಕಂಬ ಹೇಳುತ್ತದೆ. ಕಡೆಗೆ ಪಲ್ಲವರೇ, ಇವನನ್ನು ಕೊಂದು ಬರುವ ಲಾಭಕ್ಕಿಂತ ಗೆಳೆಯನನ್ನಾಗಿ ಮಾಡಿಕೊಳ್ಳುವುದು ಮೇಲೆಂದು ಬಗೆದು, ಪಡುವಣ ಕಡಲಿನಿಂದ ಪ್ರೇಹರವೆಂಬ ಎಲ್ಲೆಯವರೆಗಿನ ಸೀಮೆಯನ್ನು, ಅನ್ಯರು ಪ್ರವೇಶಿಸಕೂಡದೆಂಬ ಕರಾರಿನೊಡನೆ, ಅವನಿಗೆ ಬಿಟ್ಟುಕೊಟ್ಟರು. ಅವನು ಕಂಚಿಯನ್ನು ಹಿಡಿಯಲು ಹೋಗಲಿಲ್ಲ. ಹಿಡಿಯಲಾರೆನೆಂದು ಅವನಿಗೆ ಗೊತ್ತಿತ್ತು. ಅಲೆಕ್ಸಾಂಡರನು ಬಿಯಾಸ್ ನದಿಯ ದಡದಲ್ಲಿ ನಿಂತದ್ದು ಅವನ ಸೈನಿಕರು ಮುಂದೆ ಬರಲೊಲ್ಲೆವೆಂದಾಗ. ನಮ್ಮವನು ತಾನಾಗಿ ನಿಂತನು. ಇಷ್ಟನ್ನು ನಾನು ಹೇಳಿದ್ದಾಯಿತು. ಚಪ್ಪಾಳೆಯೂ ಬಿದ್ದಿತು.

ಆಮೇಲೆ ಎದ್ದವರು ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿನಿ. ಆಕೆಯ ವಾದ ಗಟ್ಟಿಯಾಗಿತ್ತೆಂದು ಇಲ್ಲಿ ಬರೆಯಲೇಬೇಕು. ‘ಈ ಕಂಬವನ್ನು ಮಯೂರಶರ್ಮನು ನೆಡಿಸಲಿಲ್ಲ. ಅವನ ಮರಿಮಗ ಕಾಕುಸ್ಥವರ್ಮ. ಕಾಕುಸ್ಥನ ಮಗ ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿ ಬರೆದದ್ದು. ನೂರು ವರ್ಷದ ಮೇಲೆ ವಂಶದ ಹೊಗಳಿಕೆಗೆಂದು ಬರೆದ ಕಾವ್ಯವನ್ನು ಯುದ್ಧದ ವರದಿಯೆಂದು ಓದಬಹುದೆ? ಅಲಹಾಬಾದಿನ ಕಂಬದಲ್ಲಿ ಸಮುದ್ರಗುಪ್ತನು ಕಂಚಿಯ ವಿಷ್ಣುಗೋಪನನ್ನು ಸೋಲಿಸಿದ ಸಂಗತಿ ಇದೆ. ಉತ್ತರದ ಆ ಪೆಟ್ಟಿನಿಂದ ಪಲ್ಲವರು ತತ್ತರಿಸಿದಾಗ ನಿಮ್ಮ ಮಯೂರನು ಎದ್ದನೆಂದು ಹೇಳುವ ವಿದ್ವಾಂಸರಿದ್ದಾರೆ. ಇನ್ನು ಅವನು 18 ಅಶ್ವಮೇಧಗಳನ್ನು ಮಾಡಿದನೆಂಬ ಮಾತು ಬಹು ಕಾಲದ ಮೇಲೆ ಬೆಳೆದದ್ದು.’

ಮೊದಲ ಬಹುಮಾನ ಆಕೆಗೇ ಬಂದಿತು. ಆದರೂ ಉತ್ತರ ಹೇಳಲು ಕೊಟ್ಟ ಎರಡು ನಿಮಿಷದಲ್ಲಿ ನಾನು ಹೇಳಿದ್ದನ್ನು ಈಗಲೂ ಹೇಳುತ್ತೇನೆ. ಬರಿಯ ಹೊಗಳುಭಟ್ಟನಾಗಿದ್ದರೆ ಕುಬ್ಜಕವಿಯು ಮಯೂರನ ಕೈಯಲ್ಲಿ ಕಂಚಿಯನ್ನೇ ಸುಡಿಸಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಮಯೂರನು ಪಲ್ಲವರ ಸೇವೆಗೆ ನಿಂತು, ಯುದ್ಧಗಳಲ್ಲಿ ಪರಾಕ್ರಮ ತೋರಿಸಿ, ಅವರನ್ನು ಮೆಚ್ಚಿಸಿ, ಅವರಿಂದ ಪಟ್ಟವನ್ನು ಪಡೆದನೆಂದು ಅವನೇ ಬರೆದಿದ್ದಾನೆ. ಒಡೆಯನ ಮುತ್ತಜ್ಜನ ತಂದೆ ಇನ್ನೊಬ್ಬರ ಸೇವೆಯಲ್ಲಿದ್ದನೆಂದು ಒಡೆಯನ ಊರಿನಲ್ಲೇ ಕಲ್ಲಿನ ಮೇಲೆ ಕೊರೆಯುವ ಕವಿಯ ಮಾತನ್ನು ನಾನು ನಂಬುತ್ತೇನೆ. ಅಶ್ವಮೇಧದ ಸುದ್ದಿಯನ್ನು ಅವನು ಎತ್ತಿಯೇ ಇಲ್ಲ.

ಆ ದಿನ ರಾತ್ರಿ ಊರಿಗೆ ಹೋಗಿ, ಊಟಕ್ಕೆ ಕುಳಿತಾಗ, ನಡೆದದ್ದನ್ನೆಲ್ಲ ಅಪ್ಪಯ್ಯನಿಗೆ ಹೇಳಿದೆ. ಅಪ್ಪಯ್ಯನಿಗೆ ಓದು ಬರಹ ಬಾರದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕುದುರೆ, ಕಾಡು, ರಾತ್ರಿಯ ದಾಳಿ ಎಲ್ಲವನ್ನೂ ಅವರು ಸುಮ್ಮನೆ ಕೇಳಿದರು. ಕೊನೆಗೆ, “ಅಲ್ಲ ತಮ್ಮಾ, ಓದ್ಸಾಕೆ ಅಂತ ಅಷ್ಟು ದೂರ ಕರ್ಕಂಡು ಹೋಗಿದ್ನಲ್ಲ ಆ ಮುದುಕ, ಅವ ಏನಾದ?” ಎಂದರು.

ಕಂಬದಲ್ಲಿ ಅದಕ್ಕೆ ಉತ್ತರವಿಲ್ಲ. ವೀರಶರ್ಮನ ಹೆಸರು ಒಮ್ಮೆ ಬರುತ್ತದೆ. ಜಗಳವಾದ ಮೇಲೆ ಅವನ ಸುದ್ದಿಯಿಲ್ಲ. ಮೊಮ್ಮಗನು ಕಾಡು ಹೊಕ್ಕ ಮೇಲೆ ಪಲ್ಲವರ ನಗರದಲ್ಲಿ ಆ ಮುದುಕನ ಗತಿ ಏನಾಯಿತೋ! ಚರ್ಚೆಯಲ್ಲಿ ಪರ ವಿರೋಧ ಸೇರಿ ಎಂಟು ಮಂದಿ ಮಾತನಾಡಿದೆವು. ಒಬ್ಬರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ.

ಅಪ್ಪಯ್ಯನಿಗೆ ಏಕೆ ಹೊಳೆಯಿತೆಂದು ನಾನು ಊಹಿಸಬಲ್ಲೆ. ನಾನು ಪಿ.ಯು. ತರಗತಿಗೆ ಸೇರುವ ವರ್ಷ ಒಂದು ಪ್ರಮಾಣಪತ್ರಕ್ಕಾಗಿ ಇಬ್ಬರೂ ಒಂದು ಕಚೇರಿಗೆ ಹೋಗಿದ್ದೆವು. ಅಪ್ಪಯ್ಯ ರುಜು ಹಾಕಲಾರದೆ ನಿಂತಾಗ ಕಿಟಕಿಯ ಒಳಗಿದ್ದವನು, ‘ಹೆಬ್ಬೆಟ್ಟಿನವರಿಗೆಲ್ಲ ಮಗನ ಕಾಲೇಜು ಬೇರೆ ಕೇಡು’ ಎಂದು ಪಕ್ಕದವನಿಗೆ ಕೇಳಿಸುವಂತೆ ಹೇಳಿ ನಕ್ಕನು. ನನ್ನ ಕೈ ಕಿಟಕಿಯ ಸರಳಿನ ಮೇಲಿತ್ತು. ಅಪ್ಪಯ್ಯ ನನ್ನ ಆ ಕೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡೇ, ಬಲಗೈ ಹೆಬ್ಬೆರಳನ್ನು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿದರು. ಕಾಗದ ಸಿಕ್ಕಿತು; ನಾನು ಸೇರಿದೆ. ಮಯೂರಶರ್ಮನ ಸಿಟ್ಟು ಎಂಥದೆಂದು ನನಗೆ ಯಾವ ಅಧ್ಯಾಪಕರೂ ವಿವರಿಸಬೇಕಾಗಿಲ್ಲ. ವೀರಶರ್ಮನು ಆ ದಿನ ಕಂಚಿಯಲ್ಲಿ ಹುಡುಗನ ಕೈಯನ್ನು ಹಿಡಿದನೋ, ಹಿಡಿದರೂ ಕೊಸರಿಕೊಂಡು ಹೋದನೋ, ಯಾರು ಬಲ್ಲರು? ಹಿಡಿದು ನಿಲ್ಲಿಸಿದ್ದರೆ ಕದಂಬ ರಾಜ್ಯವಿಲ್ಲ, ನಿಜ. ಕಾರವಾರದ ನೌಕಾನೆಲೆಗೆ 2005ರಲ್ಲಿ ಕದಂಬರ ಹೆಸರಿಡುವ ಸಂದರ್ಭವೂ ಇರುತ್ತಿರಲಿಲ್ಲ. ಹಾಗೆಂದು ಓದು ಬಿಟ್ಟು ಹೋದದ್ದನ್ನು ಹಬ್ಬವೆಂಬಂತೆ ಹೇಳುವವರ ಜೊತೆ ನಾನು ಸೇರಲಾರೆ.

ಇದು ಬರಿಯ ಹಳೆಯ ಮಾತಲ್ಲ. ನನ್ನ ಚಿಕ್ಕಪ್ಪನ ಮಗನು ಎರಡನೆಯ ವರ್ಷಕ್ಕೆ ಕಾಲೇಜು ಬಿಟ್ಟು, ಸೈನ್ಯದ ಭರ್ತಿಗೆಂದು ದಿನವೂ ಬೆಳಗಿನ ಜಾವ ನಮ್ಮೂರ ಕೆರೆಯ ಏರಿಯ ಮೇಲೆ ಓಡುತ್ತಿದ್ದಾನೆ. 2022ರಲ್ಲಿ ಬಂದ ಅಗ್ನಿಪಥದ ಪ್ರಕಾರ ಆಯ್ಕೆಯಾದರೆ ನಾಲ್ಕು ವರ್ಷದ ಸೇವೆ; ಆಮೇಲೆ ನಾಲ್ವರಲ್ಲಿ ಒಬ್ಬನು ಉಳಿಯಬಹುದು. ಅವನ ಮೊಬೈಲಿನಲ್ಲಿ ಮಯೂರನ ಚಿತ್ರವಿದೆ. ‘ನಮ್ಮ ಮಣ್ಣಿನ ಗುಣ ಕಣೋ’ ಎನ್ನುತ್ತಾನೆ. ಏರಿಯ ಕೆಳಗೆ ಅರಿಸಿನ ಹಚ್ಚಿಸಿಕೊಂಡು ಎರಡು ವೀರಗಲ್ಲುಗಳು ನಿಂತಿವೆ. ದನ ಬಿಡಿಸಲು ಹೋಗಿಯೋ, ಯಾವನೋ ಒಡೆಯನ ಪರವಾಗಿ ಕಾದಿಯೋ ಸತ್ತವರು. ಅಕ್ಷರ ಸವೆದು ಹೆಸರೂ ಉಳಿದಿಲ್ಲ. ಶ್ರೀಪರ್ವತದ ಕಾಡಿನಲ್ಲಿ ಮಯೂರನೊಡನೆ ರಾತ್ರಿಯ ದಾಳಿಗೆ ಹೋಗಿ ಹಿಂದಿರುಗದವರಿಗೆ ನಾನು ಕೇಳಿದಂತೆ ಇಷ್ಟು ಕಲ್ಲೂ ಇಲ್ಲ.

ಏರಿಯ ಮಾತು ಬಂದದ್ದರಿಂದ ಒಂದು ಸಂಗತಿ. ಮಯೂರಶರ್ಮನ ಕಾಲದ್ದೇ ಆದ ಶಾಸನವೊಂದು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿದೆ. ಪ್ರಾಕೃತ ಭಾಷೆಯ ಮೂರು ಸಾಲು. ಎಂ. ಎಚ್. ಕೃಷ್ಣರು ಅದರಲ್ಲಿ ತ್ರೈಕೂಟ, ಅಭೀರ, ಪಲ್ಲವ, ಪುನ್ನಾಟ ಮುಂತಾಗಿ ಅವನು ಗೆದ್ದವರ ಹೆಸರುಗಳನ್ನು ಓದಿದರು. ಸವೆದ ಅಕ್ಷರಗಳ ಆ ಓದನ್ನು ಅನಂತರದ ವಿದ್ವಾಂಸರಲ್ಲಿ ಕೆಲವರು ಒಪ್ಪಲಿಲ್ಲ. ಗೆದ್ದವರ ಪಟ್ಟಿಯ ವಿಷಯದಲ್ಲಿ ಜಗಳವುಂಟು. ಕೆರೆಯ ವಿಷಯದಲ್ಲಿ ಇಲ್ಲ. ಕದಂಬರ ಮಯೂರಶರ್ಮನು ಕೆರೆ ಮಾಡಿಸಿದನೆಂದು ಹೇಳಲೆಂದೇ ಆ ಕಲ್ಲು ಇರುವುದು. ಬಿ. ಎಲ್. ರೈಸ್ ಸಾಹೇಬರು 1894ರಲ್ಲಿ ಕಂಡ ತಾಳಗುಂದದ ಕಂಬವೂ ಅಷ್ಟೆ. ಅಷ್ಟೆಲ್ಲ ಯುದ್ಧದ ಕಥೆ ಹೇಳಿ ಕಡೆಗೆ ಅದು ಬಂದು ನಿಲ್ಲುವುದು ದೇವಾಲಯಕ್ಕೆ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯಲ್ಲಿ. ಇದನ್ನು ಸಭೆಯಲ್ಲಿ ಹೇಳಲು ಸಮಯ ಸಿಗಲಿಲ್ಲ, ಗಂಟೆ ಬಾರಿಸಿಬಿಟ್ಟರು. ಅಪ್ಪಯ್ಯನಿಗೆ ಹೇಳಿದೆ. ಕೆರೆಯ ಸುದ್ದಿ ಕೇಳಿ ಅವರ ಮುಖ ಅರಳಿತು. “ತೂಬು ಯಾವ ಕಡೆಗೆ?” ಎಂದು ಕೇಳಿದರು.

ಪರೀಕ್ಷೆ ಮುಗಿದ ಮೇಲೆ ಒಂದು ದಿನ ಅವರನ್ನು ತಾಳಗುಂದಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಓಟದ ಹುಡುಗನೂ ಬರುತ್ತಾನಂತೆ. ಕುಬ್ಜನು ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದನೆಂದು ಕಂಬದ ಕೊನೆಯಲ್ಲಿದೆ. ಸಾಲುಗಳು ಅಡ್ಡಕ್ಕೆ ಓಡದೆ ಕಂಬದ ಉದ್ದಕ್ಕೆ ನಡೆಯುತ್ತವೆ. ಅದರಲ್ಲಿ ವೀರಶರ್ಮನ ಹೆಸರು ಎಲ್ಲಿದೆಯೆಂದು ಗುರುತು ಮಾಡಿಕೊಡಬೇಕೆಂದು ನಮ್ಮ ಅಧ್ಯಾಪಕರನ್ನು ಕೇಳಿದ್ದೇನೆ. ಆ ಹಳೆಯ ಲಿಪಿ ನನಗೂ ಓದಲು ಬಾರದು. ಅದರ ಮುಂದೆ ಅಪ್ಪಯ್ಯನೂ ನಾನೂ ಇಬ್ಬರೂ ಹೆಬ್ಬೆಟ್ಟಿನವರೇ. ಹೆಸರು ಸಿಕ್ಕಿದ ಮೇಲೆ ಕೆರೆಗೆ ಹೋಗಿ ತೂಬು ನೋಡಿಕೊಂಡು ಸಂಜೆಯ ಮೋಟಾರಿಗೆ ಹಿಂದಿರುಗುವುದು.