ಮಳೆಗಾಲದ ಚೆಂಡು

ನಮ್ಮ ಸಕಲೇಶಪುರ, ಆಲೂರು ಕಡೆ ಫುಟ್‌ಬಾಲ್ ವಿಶ್ವಕಪ್ ಅಂದರೆ ಮಳೆಗಾಲದ ಬಾಬತ್ತು. ನಾಲ್ಕು ವರ್ಷಕ್ಕೊಮ್ಮೆ, ಜೂನ್ ತಿಂಗಳಲ್ಲಿ, ಸರಿಯಾಗಿ ಕರೆಂಟು ಹೋಗುವ ಹೊತ್ತಿಗೆ ಬರುತ್ತದೆ.

1986ರ ಮೆಕ್ಸಿಕೋ ವಿಶ್ವಕಪ್ ನೋಡಿದ್ದು ತೋಟದ ರೈಟರ ಮನೆಯಲ್ಲಿ. ಮೆಕ್ಸಿಕೋದಲ್ಲಿ ಮಟಮಟ ಮಧ್ಯಾಹ್ನ ಶುರುವಾಗುವ ಆಟ ನಮಗೆ ರಾತ್ರಿ ಹನ್ನೊಂದೂವರೆಗೆ. ದೂರದರ್ಶನ ಒಂದೇ ಗತಿ. ಆಂಟೆನಾವನ್ನು ಬಿದಿರು ಗಳಕ್ಕೆ ಕಟ್ಟಿ, ಗಳವನ್ನು ಸಿಲ್ವರ್ ಮರಕ್ಕೆ ಬಿಗಿದಿದ್ದರು. ಗಾಳಿ ಬೀಸಿತೆಂದರೆ ಯಾರಾದರೊಬ್ಬರು ಕಂಬಳಿ ಕೊಪ್ಪೆ ಹೊದ್ದು ಹೊರಗೆ ಹೋಗಬೇಕು.

"ಬಂತೇನ್ರೋ?"

"ಬಂತು... ಬಂತು... ಥೋ, ಹೋಯ್ತು! ಹಂಗೇ ಹಿಡ್ಕಳಣ್ಣಾ!"

ಜೂನ್ 22ರ ರಾತ್ರಿ, ಅರ್ಜೆಂಟೀನಾ–ಇಂಗ್ಲೆಂಡ್ ಕ್ವಾರ್ಟರ್‌ಫೈನಲ್. ಕರೆಂಟು ಹೋಯಿತು. ರೈಟರು ಜೀಪಿನ ಬ್ಯಾಟರಿ ಬಿಚ್ಚಿ ತಂದು ಟಿ.ವಿ.ಗೆ ಸಿಕ್ಕಿಸಿದರು. ಮರಡೋನಾ ಗೋಲಿಗೆ ಕೈ ತಗುಲಿಸಿದನೇ ಎಂದು ಜಗತ್ತೆಲ್ಲ ಜಗಳವಾಡುತ್ತಿದ್ದರೆ, ನಮಗೆ ಕೈ ಹಾಗಿರಲಿ, ಚೆಂಡೇ ಕಂಡಿರಲಿಲ್ಲ. ಪರದೆ ತುಂಬ ಇರುವೆ ಹರಿದಾಟ. ಮೈದಾನದಲ್ಲೇ ಇದ್ದ ಟುನೀಷಿಯಾದ ರೆಫರಿ ಅಲಿ ಬಿನ್ ನಾಸರ್ ಅವರಿಗೂ ಕೈ ಕಾಣಲಿಲ್ಲವಂತೆ. ಇನ್ನು ನಮ್ಮನ್ನೇಕೆ ಅನ್ನಬೇಕು? ನಾಲ್ಕು ನಿಮಿಷದ ಮೇಲೆ ಹೊಡೆದ ಎರಡನೆಯ ಗೋಲು ಮಾತ್ರ ಚೆನ್ನಾಗಿ ಕಂಡಿತು: ಒಂದು ಗಿಡ್ಡ ಇರುವೆ ಉಳಿದವನ್ನೆಲ್ಲ ದಾಟಿಕೊಂಡು ಓಡಿತು. ಬೆಳಗ್ಗೆ ಜೀಪನ್ನು ಆಳುಗಳೆಲ್ಲ ಸೇರಿ ತಳ್ಳಿದರು.

ದೂರದರ್ಶನವನ್ನು ದೇಶಕ್ಕೆಲ್ಲ ಹಂಚುತ್ತಿದ್ದ ಇನ್ಸಾಟ್-1ಬಿ ಉಪಗ್ರಹದ ಲಗಾಮು ಇದ್ದದ್ದು ಹಾಸನದ ಸಾಲಗಾಮೆ ರಸ್ತೆಯ ಎಂ.ಸಿ.ಎಫ್.ನಲ್ಲಿ, ನಮ್ಮಿಂದ ಒಂದು ಬಸ್ಸಿನ ದಾರಿ. 36,000 ಕಿ.ಮೀ. ಎತ್ತರದ ಉಪಗ್ರಹವನ್ನು ಇಸ್ರೋದವರು ಅಲ್ಲಿ ಕೂತು ಅಲುಗಾಡದಂತೆ ಹಿಡಿದಿದ್ದರು. ಇಲ್ಲಿ ನಾವು ಬಿದಿರು ಗಳ ಹಿಡಿದು ನೆನೆಯುತ್ತಿದ್ದೆವು.

ಕೇಬಲ್ಲು ಆಮೇಲೆ ಪೇಟೆಗೆ ಬಂತು. ಗುಡ್ಡಕ್ಕೊಂದು ಮನೆಯಿರುವ ಹಾನುಬಾಳು, ಹೆತ್ತೂರು, ಯಸಳೂರಿನ ತೋಟಗಳಿಗೆ ಯಾವ ಪುಣ್ಯಾತ್ಮ ತಂತಿ ಎಳೆದಾನು? 2004ರ ಡಿಸೆಂಬರಿನಲ್ಲಿ ದೂರದರ್ಶನ ಶುರುಮಾಡಿದ ಡಿಟಿಎಚ್, ಅಂದರೆ ಈಗಿನ ಫ್ರೀ ಡಿಶ್, ನಮಗೆಂದೇ ಹೇಳಿ ಮಾಡಿಸಿದ ಹಾಗಿತ್ತು. ತಟ್ಟೆಗೂ ಪೆಟ್ಟಿಗೆಗೂ ಒಂದು ಸಲ ದುಡ್ಡು ಕೊಟ್ಟರಾಯಿತು, ತಿಂಗಳ ಬಾಡಿಗೆ ಇಲ್ಲ. ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಪಟ್ಟಿ ಮಾಡಿದ ಪಂದ್ಯಗಳನ್ನು ಖಾಸಗಿ ಚಾನೆಲ್‌ನವರು ಪ್ರಸಾರ ಭಾರತಿಗೆ ಹಂಚಲೇಬೇಕೆಂದು 2007ರಲ್ಲಿ ಕಾಯಿದೆ ಬಂತು. ಫುಟ್‌ಬಾಲ್ ವಿಶ್ವಕಪ್ಪಿನ ಫೈನಲ್ಲೂ ಆ ಪಟ್ಟಿಯಲ್ಲಿದೆ. ಹಾಗೆ ಸಿಕ್ಕಿದ್ದನ್ನು ದೂರದರ್ಶನ ತನ್ನ ಟವರು, ತನ್ನ ಡಿಶ್ಶಿನಲ್ಲಷ್ಟೇ ತೋರಿಸಬೇಕು, ಕೇಬಲ್ಲಿನವರಿಗೆ ದಾಟಿಸುವಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂದರೆ ದೂರದರ್ಶನದ ಪುಕ್ಕಟೆ ಪಂದ್ಯ ಕೇಬಲ್ ಇದ್ದವನಿಗಿಲ್ಲ, ಇಲ್ಲದವನಿಗುಂಟು! ಗುಡ್ಡದವರ ಕಡೆ ನ್ಯಾಯ ಇಷ್ಟು ಸಲೀಸಾಗಿ ವಾಲಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಾಡಾನೆ ಹಾವಳಿಯ ನಮ್ಮ ಅರ್ಜಿಗಳಿಗಂತೂ ಈ ಭಾಗ್ಯ ಬಂದಿಲ್ಲ.

2022ರಲ್ಲಿ ಲೆಕ್ಕ ತಪ್ಪಿತು. ಕತಾರಿನ ಬಿಸಿಲಿಗೆ ಹೆದರಿ ವಿಶ್ವಕಪ್ಪನ್ನು ನವೆಂಬರ್–ಡಿಸೆಂಬರಿಗೆ ಒಯ್ದರು. ಅದು ನಮಗೆ ಕಾಫಿ ಕುಯ್ಲಿನ ಕಾಲ. ಆ ಸಲ ಜಿಯೋ ಸಿನಿಮಾ ಫೋನಿನಲ್ಲಿ ಪುಕ್ಕಟೆ ತೋರಿಸಿತು. ತಂಗಿಯ ಮಗ ಯಾವುದೋ ಕಳ್ಳ ಲಿಂಕು ಕಳಿಸಿದ್ದ. ಧರ್ಮಕ್ಕೆ ಸಿಗುವುದನ್ನೂ ಕದ್ದು ನೋಡುವ ಚಟ ಇದೆಂಥದ್ದೋ ಎಂದು ಬೈದೆ.

ಡಿಸೆಂಬರ್ 18, ಫೈನಲ್. ರಾತ್ರಿ ಎಂಟೂವರೆಗೆ ಎಲ್ಲರೂ ಕಾಫಿ ಕಣಕ್ಕೆ ಬಂದು ಕೂತೆವು. ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಫೋನನ್ನು ಪಲ್ಪರ್ ಮನೆಯ ಕಿಟಕಿಗೆ ಒರಗಿಸಿದ್ದೆವು. ಕೆಳಗೆ ಆಳುಗಳ ಲೈನ್ ಮನೆಯಲ್ಲಿ ಡಿಶ್ಶಿನ ಟಿ.ವಿ. ಉಪಗ್ರಹಕ್ಕೆ ಹೋಗಿ ಇಳಿದು ಬರಲು ಚಿತ್ರಕ್ಕೆ ಕಾಲು ಸೆಕೆಂಡು ಸಾಕು; ಫೋನಿನಲ್ಲಿ ಅದು ಅಲ್ಲಿ ತುಂಬಿಸಿ, ಇಲ್ಲಿ ಕಾಯಿಸಿ, ನಿಧಾನಕ್ಕೆ ಬರುತ್ತದೆ. ಹಾಗಾಗಿ ಪ್ರತಿ ಗೋಲಿನ ಕೂಗೂ ಮೊದಲು ಕೆಳಗಿನಿಂದ ಕೇಳಿಸುತ್ತಿತ್ತು. ಎಂಬಾಪೆ 97 ಸೆಕೆಂಡಿನಲ್ಲಿ ಎರಡು ಗೋಲು ಹೊಡೆದಾಗಲೂ ಅಷ್ಟೇ: ಮೊದಲನೆಯದನ್ನು ಕಣ್ಣಲ್ಲಿ ನೋಡಿ ಸುಧಾರಿಸಿಕೊಳ್ಳುವಷ್ಟರಲ್ಲಿ ಎರಡನೆಯದು ಕಿವಿಗೆ ಬಿದ್ದಿತ್ತು.

"ಹೇಳ್ಬೇಡ್ರೋ!" ಎಂದು ಹುಡುಗರು ಮೇಲಿನಿಂದ ಕಿರುಚಿದರು. ಯಾರು ಕೇಳುತ್ತಾರೆ? 3-3 ಆಗಿ, ಪೆನಾಲ್ಟಿಗೆ ಹೋಯಿತು. ಕೊನೆಯದಕ್ಕೆ ನಮ್ಮ ಫೋನಿನಲ್ಲಿ ಮೊಂಟಿಯೆಲ್ ಇನ್ನೂ ಚೆಂಡು ಇಡುತ್ತಿದ್ದ. ಲೈನಿನವರು ಆಗಲೇ ಪಟಾಕಿ ಹಚ್ಚಿದ್ದರು, ಆನೆ ಓಡಿಸಲೆಂದು ಇಟ್ಟುಕೊಂಡಿದ್ದ ಪಟಾಕಿ.