ಪೆಟ್ಟಿಗೆ ಬಂತು, ಬಾಣ ಬರಲಿಲ್ಲ

1/7
ಪ್ರಾಜೆಕ್ಟ್ ರಿಪೋರ್ಟ್ ಬರೀಲಿಕ್ಕೆ ಕುಂತಿರೋ ಎಲ್ಲರಿಗೂ ಈ ಸರಣಿ. ಬಿಸಿಎ ಗೆಳೆಯರಿಗೆ ಹೆಂಗೋ ಹಂಗೇ ನಮ್ಮ ಬಿಕಾಂ ಮಂದಿಗೂ. ಉದ್ದ ಅದ, ಚಹಾ ತಗೊಂಡು ಓದ್ರಿ.

ಮಾಡೆಲಿಂಗ್ ಟೂಲ್ ಅಂದ್ರೇನು ಅಂತ ಕೇಳೋರಿಗೆ ಮೊದಲು ಹೇಳಿಬಿಡ್ತೀನಿ. ಒಂದು ಕೆಲಸ ಹೆಂಗ ನಡೀತದ ಅನ್ನೋದನ್ನ ಪೆಟ್ಟಿಗೆ ಮತ್ತು ಬಾಣಗಳಲ್ಲಿ ಬರೆಯೋ ಸಾಫ್ಟ್‌ವೇರ್ ಅದು. ಪೆಟ್ಟಿಗೆ ಅಂದ್ರ ಒಂದು ಹಂತ. ಬಾಣ ಅಂದ್ರ ಒಂದು ಹಂತದಿಂದ ಇನ್ನೊಂದಕ್ಕೆ ಹೋಗೋ ದಾರಿ. ಸಾಫ್ಟ್‌ವೇರ್ ಎಂಜಿನಿಯರ್‌ಗಳು ಇದಕ್ಕೆ ಬಳಸುವ ಯುಎಂಎಲ್ ಎಂಬ ಚಿತ್ರಭಾಷೆ 1997ರಲ್ಲಿ ಮಾನದಂಡವಾಯಿತು. ಚಿತ್ರ ಬರೆದು ಮುಗಿಸಿದ ಮೇಲೆ ಮೆನುವಿನಲ್ಲಿ ಒಂದು ಬಟನ್ ಕಾಣ್ತದ: 'ಜನರೇಟ್ ಡಾಕ್ಯುಮೆಂಟ್'. ಒತ್ತಿದ್ರ ಸಾಕು, ವರ್ಡ್ ಫೈಲ್ ಇಲ್ಲಾ ಪಿಡಿಎಫ್ ತಯಾರು ಅಂತಾರ.

ಆ ಬಟನ್ ಮೇಲೆ ನನಗ ಸಿಟ್ಟದ. ಸಿಟ್ಟಿಗೆ ಕಾರಣ ಬರೀ ಫಾಂಟು, ಮಾರ್ಜಿನ್ನು ಅಂದ್ಕೋಬ್ಯಾಡ್ರಿ. ಒಬ್ಬ ರೈತನ ಹಕ್ಕು ಆ ಫೈಲಿನಿಂದ ಕಾಣೆಯಾಗಿತ್ತು. ಅದು ಹೆಂಗ ಅಂತ ಹೇಳ್ತೀನಿ.

2/7
ನನ್ನ ಮನೆ ಬಸವಕಲ್ಯಾಣ. ಪ್ರಾಜೆಕ್ಟಿಗೆ ಆರಿಸಿದ್ದು ಹುಮನಾಬಾದಿನ ಒಂದು ಅಡತ್ ಅಂಗಡಿ. ಹೆಸರು ಬೇಡ. ನಾವು ನಾಲ್ಕು ಜನ. ನಮ್ಮ ವಿಷಯ ಇಷ್ಟು: ರೈತ ತೊಗರಿ, ಸೋಯಾ, ಉದ್ದು ತಂದು ಇಳಿಸಿದಾಗಿನಿಂದ ಅವನ ಕೈಗೆ ರೊಕ್ಕ ಸೇರೋತನಕ ಲೆಕ್ಕ ಯಾವ ದಾರಿ ಹಿಡೀತದ?

ಅಂಗಡಿಯ ಹಳೇ ಮುನೀಮರು ಎರಡು ಮಧ್ಯಾಹ್ನ ಕೂತು ಎಲ್ಲಾ ಬಿಡಿಸಿ ಹೇಳಿದರು. ಮುಖ್ಯ ಹಂತ ಐದು: ಮಾಲು ಇಳಿಸೋದು, ದರ ಕೂಡೋದು, ತೂಕ, ಪಟ್ಟಿ, ಪಾವತಿ. ಐದನ್ನೂ ಪೆಟ್ಟಿಗೆ ಮಾಡಿದೆವು. ಆಮೇಲೆ ಅವರು ಒಂದು ಮಾತು ಹೇಳಿದರು: "ತೂಕ ರೈತ ಒಪ್ಪಲಿಲ್ಲಂದ್ರ ಅವನ ಕಣ್ಣೆದುರಿಗೇ ಮತ್ತೊಮ್ಮೆ ತೂಗಬೇಕು. ಅಲ್ಲಿತನಕ ಪಟ್ಟಿ ಬರೆಯಂಗಿಲ್ಲ."

ತೂಕದಿಂದ ಪಟ್ಟಿಗೆ ಹೋಗುವ ಬಾಣದ ಮೇಲೆ ಆ ಮಾತನ್ನ ಟಿಪ್ಪಣಿಯಾಗಿ ಬರೆದೆವು. ಆಡಿಟಿಂಗ್ ಪೇಪರ್‌ನಲ್ಲಿ 'ಇಂಟರ್ನಲ್ ಚೆಕ್' ಅಂತ ಓದ್ತೀವಲ್ಲ, ಒಬ್ಬರ ಕೆಲಸವನ್ನ ಇನ್ನೊಬ್ಬರು ತನ್ನಿಂತಾನೇ ಪರೀಕ್ಷೆ ಮಾಡುವ ಏರ್ಪಾಡು, ಅದರ ಜೀವಂತ ಉದಾಹರಣೆ ಇದು. ಇಡೀ ಚಿತ್ರದಲ್ಲಿ ರೈತ ಬಾಯಿಬಿಟ್ಟು 'ನಿಲ್ಲಸ್ರಿ' ಅನ್ನಬಹುದಾದ ಜಾಗ ಅದೊಂದೇ.

3/7
ಬಟನ್ ಒತ್ತಿದೆವು. ಒಳಗಿನ ಸಣ್ಣ ಪೆಟ್ಟಿಗೆಗಳೂ ಸೇರಿ 31 ಪುಟ ಬಂತು. ಖುಷಿ ಆಯ್ತು ನೋಡ್ರಿ, ಒಂದೇ ನಿಮಿಷ.

ಪ್ರತಿ ಪೆಟ್ಟಿಗೆಗೂ ಒಂದು ಕೋಷ್ಟಕ. ಅದರಾಗ ಏನದ? ಹೆಸರು, ಗುರುತಿನ ಸಂಖ್ಯೆ, ಬರೆದವರು, ಬರೆದ ದಿನ, ಆವೃತ್ತಿ, ಸ್ಥಿತಿ. 'ವಿವರ' ಅನ್ನೋ ಸಾಲು ಅರ್ಧಕ್ಕರ್ಧ ಖಾಲಿ. ಹಂತಗಳ ಕ್ರಮ ಅಕ್ಷರಮಾಲೆಯದು. ಹಂಗಾಗಿ ಮೊದಲು ತೂಕ, ಆಮೇಲೆ ದರ, ಪಟ್ಟಿ, ಪಾವತಿ, ಎಲ್ಲಕ್ಕಿಂತ ಕೊನೆಗೆ ಮಾಲು ಇಳಿಸೋದು. ನಮ್ಮ ರಿಪೋರ್ಟಿನ ಪ್ರಕಾರ ರೈತನಿಗೆ ರೊಕ್ಕ ಕೊಟ್ಟ ಮೇಲೆ ಅವನ ಟ್ರ್ಯಾಕ್ಟರ್ ಊರಿಗೆ ಬರ್ತದ!

ಚಿತ್ರ ಒಂದು ಪುಟಕ್ಕೆ ಕುಗ್ಗಿ ಇರುವೆ ಸಾಲಾಗಿತ್ತು. ಕನ್ನಡ ಒಡೆದಿತ್ತು. 'ಲೆಕ್ಕ' ಹೋಗಿ 'ಲೆಕ್‌ಕ', 'ಖರ್ಚು' ಹೋಗಿ 'ಖರ್‌ಚು', 'ಪಟ್ಟಿ' ಹೋಗಿ 'ಪಟ್‌ಟಿ'. ಮತ್ತ ಬಾಣದ ಮೇಲಿನ ಆ ಟಿಪ್ಪಣಿ? 31 ಪುಟದಾಗ ಎಲ್ಲೂ ಇಲ್ಲ.

ಎರಡು ರಾತ್ರಿ ಕೂತು ವರ್ಡ್‌ನಲ್ಲಿ ಕೈಯಿಂದ ಸರಿ ಮಾಡಿದೆವು. ಮೂರನೇ ದಿನ ಮಾಡೆಲ್‌ನಲ್ಲಿ ಒಂದು ಹೆಸರು ಬದಲಾಯಿಸಬೇಕಾಯ್ತು. ಮತ್ತೆ ಜನರೇಟ್. ಎರಡು ರಾತ್ರಿಯ ಕೆಲಸ ಗೋವಿಂದ. ಟೂಲ್ ಹೊಸ ಫೈಲ್ ಬರೀತದ, ಹಳೇ ಫೈಲಿನ ಮೇಲೆ ನಾವು ಪಟ್ಟ ಕಷ್ಟ ಅದಕ್ಕೇನು ಗೊತ್ತು?

ಸಮಾಧಾನಕ್ಕೆ ಒಂದು ಸಂಗತಿ. ಅಮೆರಿಕದ ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ 1977ರಲ್ಲಿ ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚು ನೋಡಿ, ಅಕ್ಷರಗಳ ರೂಪ ಸಹಿಸಲಾಗದೆ, ಟೆಕ್ ಎಂಬ ಪುಟ ಜೋಡಿಸುವ ಸಾಫ್ಟ್‌ವೇರನ್ನೇ ಬರೆಯಲು ಕೂತರು. ಬೇಗ ಮುಗಿಯುತ್ತದೆ ಅಂದುಕೊಂಡಿದ್ದ ಕೆಲಸ ವರ್ಷಗಟ್ಟಲೆ ಹಿಡಿಯಿತು. ಅಂಥವರಿಗೇ ಹಂಗ ಅಂದ್ರ ನಾವ್ಯಾರು!

4/7
ಯಾಕೆ ಹಿಂಗ ಆಗ್ತದ? ತಲೆ ಕೆಡಿಸ್ಕೊಂಡು ಕೂತಾಗ ಹೊಳೆದದ್ದು ಇದು.

ಮಾಡೆಲ್ ಅನ್ನೋದು ಬಲೆ. ಒಂದು ಪೆಟ್ಟಿಗೆಯಿಂದ ನಾಲ್ಕು ಕಡೆ ದಾರಿ ಹೋಗಬಹುದು, ಹಿಂದಕ್ಕೂ ಬರಬಹುದು. ಕಾಗದ ಅನ್ನೋದು ಸಾಲು. ಮೇಲಿಂದ ಕೆಳಗೆ, ಒಂದಾದ ಮೇಲೊಂದು. ಬಲೆಯನ್ನ ಸಾಲು ಮಾಡಬೇಕಂದ್ರ ಎಲ್ಲಿಂದ ಶುರು ಮಾಡಬೇಕು, ಯಾವುದನ್ನ ಬಿಡಬೇಕು ಅಂತ ಯಾರಾದರೂ ತೀರ್ಮಾನ ಮಾಡಬೇಕು. ಆ ತೀರ್ಮಾನ ಟೆಂಪ್ಲೇಟ್‌ನಲ್ಲಿ ಇರ್ತದ. ನಮ್ಮ ಟೂಲಿನ ಜೊತೆ ಬಂದ ಟೆಂಪ್ಲೇಟ್ ಪೆಟ್ಟಿಗೆಗಳನ್ನ ಮಾತ್ರ ಕೇಳ್ತಿತ್ತು. ಬಾಣದ ಟಿಪ್ಪಣಿಯನ್ನ ಕೇಳ್ತಿರಲಿಲ್ಲ. ಟೆಂಪ್ಲೇಟ್ ಕೇಳದ್ದು ಕಾಗದಕ್ಕೆ ಬರೋದಿಲ್ಲ. ಇಷ್ಟೇ ಗುಟ್ಟು.

ಹಂಗಾದ್ರ ಟ್ಯಾಲಿಯಲ್ಲಿ ಒಂದು ವೋಚರ್ ಹಾಕಿದ್ರ ಡೇ ಬುಕ್, ಟ್ರಯಲ್ ಬ್ಯಾಲೆನ್ಸ್, ಬ್ಯಾಲೆನ್ಸ್ ಶೀಟ್ ಎಲ್ಲಾ ಹೆಂಗ ಸಲೀಸಾಗಿ ಬರ್ತದ? ಯಾಕಂದ್ರ ಲೆಕ್ಕಶಾಸ್ತ್ರದಲ್ಲಿ ಮಾಡೆಲ್ಲೂ ರಿಪೋರ್ಟೂ ಒಂದೇ ಮನೆಯಲ್ಲಿ ಬೆಳೆದವು. ಲೂಕಾ ಪಚೋಲಿ ವೆನಿಸ್‌ನಲ್ಲಿ 1494ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲೇ ಡಬಲ್ ಎಂಟ್ರಿಯ ವಿವರಣೆ ಇದೆ. ಕಂಪನಿಗಳ ಬ್ಯಾಲೆನ್ಸ್ ಶೀಟ್ ಹೇಗಿರಬೇಕು ಅಂತ 2013ರ ಕಂಪನಿ ಕಾಯ್ದೆಯ ಮೂರನೇ ಅನುಸೂಚಿ ನಮೂನೆಯನ್ನೇ ಕೊಟ್ಟಿದೆ. ಯಾವ ಸಾಲು ಬೇಕು ಅನ್ನೋ ಜಗಳವನ್ನ ಹಿರಿಯರು ಮುಂಚೇನೇ ಮುಗಿಸಿ ಇಟ್ಟಾರ. ಅಡತ್ ಅಂಗಡಿಯ ಕೆಲಸದ ಚಿತ್ರಕ್ಕೆ ಅಂಥ ನಮೂನೆ ಯಾರೂ ಮಾಡಿಲ್ಲ. ಮಾಡಬೇಕಾದವರು ನಾವೇ.

ಟ್ಯಾಲಿಯಲ್ಲೂ ಒಂದು ಮಾತು ನೆನಪಿಡ್ರಿ. ವೋಚರ್ ಕೆಳಗೆ 'ನರೇಷನ್' ಅಂತ ಜಾಗ ಇರ್ತದಲ್ಲ, ಯಾಕೆ ಕೊಟ್ವಿ, ಯಾರು ಹೇಳಿದ್ರು ಅಂತ ಬರೆಯೋದು? ಅದನ್ನ ತೋರಿಸು ಅಂತ ಆಯ್ಕೆ ಮಾಡಿದರೆ ಮಾತ್ರ ಡೇ ಬುಕ್‌ನಲ್ಲಿ ಕಾಣುತ್ತದೆ. ಅಂಕಿ ತಾನಾಗೇ ಬರ್ತದ, ಕಾರಣವನ್ನ ಕೇಳಿ ಪಡೀಬೇಕು.

5/7
ಈಗ ಕನ್ನಡ ಯಾಕೆ ಒಡೀತು ಅನ್ನೋದು. ಇದನ್ನ ಸೇವ್ ಮಾಡಿ ಇಟ್ಕೊಳ್ರಿ, ಪ್ರಾಜೆಕ್ಟ್ ಟೈಮಿಗೆ ಬೇಕಾಗ್ತದ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ 128. ಅದರೊಳಗೆ ಒತ್ತಕ್ಷರಗಳಿಗೆ ಬೇರೆ ಸಂಕೇತ ಇಲ್ಲ. 'ಲೆಕ್ಕ' ಅಂತ ಟೈಪ್ ಮಾಡಿದಾಗ ಕಂಪ್ಯೂಟರ್ ಒಳಗೆ ಉಳಿಯುವುದು ಐದು ಸಂಕೇತ: ಲ, ಎತ್ವ, ಕ, ಹಲಂತ, ಇನ್ನೊಂದು ಕ. ಇವನ್ನ ಕೂಡಿಸಿ ಒತ್ತು ಕೆಳಗಿಳಿಸೋದು ಫಾಂಟಿನ ನಿಯಮ ಓದುವ ಇನ್ನೊಂದು ಸಾಫ್ಟ್‌ವೇರ್ ತುಣುಕು. ಎಕ್ಸ್‌ಪೋರ್ಟ್ ಮಾಡೋ ಟೂಲ್ ಆ ತುಣುಕನ್ನ ಕರೆಯದೇ ಸಂಕೇತಗಳನ್ನ ಹಂಗೇ ಸಾಲಾಗಿ ಬಡಿದ್ರ 'ಲೆಕ್‌ಕ' ಆಗ್ತದ. ಪರದೆ ಮೇಲೆ ಸರಿ ಕಂಡದ್ದು ಪಿಡಿಎಫ್‌ನಲ್ಲಿ ಕೆಡೋದು ಹಿಂಗ.

ಹಳೇ ನುಡಿ, ಬರಹ ಫೈಲುಗಳ ಕಥೆ ಬೇರೆ. ಅಲ್ಲಿ ಇಂಗ್ಲಿಷ್ ಅಕ್ಷರದ ಜಾಗಗಳಲ್ಲೇ ಕನ್ನಡದ ತುಂಡುಗಳನ್ನ ಕೂಡಿಸಿಟ್ಟ ಫಾಂಟ್ ಇರ್ತಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದ್ರ ಟೋಪಿ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಈಗ ನುಡಿಯಲ್ಲೂ ಯೂನಿಕೋಡ್ ಆಯ್ಕೆ ಅದ, ಅದನ್ನೇ ಹಚ್ಚಿಕೊಳ್ರಿ.

ವರ್ಡ್‌ನಲ್ಲಿ ಇನ್ನೊಂದು ತೊಡಕು. ಫಾಂಟ್ ಡಬ್ಬಿ ತೆರೆದ್ರ ಲ್ಯಾಟಿನ್ ಪಠ್ಯಕ್ಕೊಂದು ಸಾಲು, 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಅಂತ ಇನ್ನೊಂದು ಸಾಲು ಸಿಗ್ತದ. ಕನ್ನಡ ಎರಡನೇದಕ್ಕೆ ಸೇರಿದ್ದು. ಟೂಲ್ ಮೊದಲನೇ ಸಾಲಿಗೆ ಮಾತ್ರ 12 ಅಂತ ಬರೆದು ಕಳಿಸಿದ್ರ ಇಂಗ್ಲಿಷ್ ದೊಡ್ಡದು, ಕನ್ನಡ ಸಣ್ಣದು. ನಿರ್ಮಲಾ ಯುಐ ಅಥವಾ ನೋಟೊ ಸ್ಯಾನ್ಸ್ ಕನ್ನಡ ಹಾಕಿ, ಅಳತೆ ಎರಡೂ ಕಡೆ ಕೊಡ್ರಿ.

6/7
ನಮೂನೆ ಅಂದ ಕೂಡಲೇ ನೆನಪಾಗೋದು ನಮ್ಮದೇ ನೆಲ. ಹುಮನಾಬಾದ್ ತಾಲೂಕಿನ ಜಲಸಂಗಿ ಗುಡಿಯ ಗೋಡೆ ಮೇಲೆ ಶಾಸನ ಬರೀತಾ ನಿಂತ ಶಿಲಾಬಾಲಿಕೆ ಇದ್ದಾಳ. ಫೋಟೋ ತೆಗೆಸ್ಕೊಂಡವರು ನಮ್ಮಲ್ಲೂ ಬಹಳ ಮಂದಿ ಅದಾರ. ಅವಳು ಬರೆಯುತ್ತಿರುವುದು ಕಲ್ಯಾಣದಿಂದ ಆಳಿದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಹೊಗಳಿಕೆ. ಅವನ ಆಳ್ವಿಕೆ 1076ರಿಂದ 1126ರವರೆಗೆ.

ಆ ಕಾಲದ ದಾನಶಾಸನಗಳಿಗೆ ಗಟ್ಟಿ ಟೆಂಪ್ಲೇಟ್ ಇತ್ತು. ಮೊದಲು ಸ್ತುತಿ, ಆಮೇಲೆ ಅರಸ, ಕಾಲ, ಕೊಟ್ಟವರು, ಪಡೆದವರು, ಕೊನೆಗೆ ಕೆಡಿಸಿದವರಿಗೆ ಶಾಪ. ನಡುವೆ ಒಂದು ಭಾಗ ಬರುತ್ತದೆ, ಅದು ಭೂಮಿಯ ಎಲ್ಲೆ. ಮೂಡಣಕ್ಕೆ ಏನದ, ಪಡುವಣಕ್ಕೆ ಏನದ, ಹಳ್ಳ ಎಲ್ಲಿ, ಕಲ್ಲು ಎಲ್ಲಿ.

ಯೋಚನೆ ಮಾಡಿ ನೋಡ್ರಿ. ಹೊಲ ಅನ್ನೋದು ಪೆಟ್ಟಿಗೆ. ಎಲ್ಲೆ ಅನ್ನೋದು ಆ ಹೊಲಕ್ಕೂ ಪಕ್ಕದ್ದಕ್ಕೂ ಇರೋ ಸಂಬಂಧ, ಅಂದ್ರ ಬಾಣ. ಜಗಳ ಹುಟ್ಟೋದು ಯಾವಾಗಲೂ ಎಲ್ಲೆಯಲ್ಲೇ. ಅದಕ್ಕೇ ಶಾಸನ ಬರೆಯಿಸಿದವರು ಎಲ್ಲೆಗೂ ಜಾಗ ಇಟ್ಟರು. ಸುಮಾರು ಒಂಬೈನೂರು ವರ್ಷದ ಹಿಂದಿನ ಟೆಂಪ್ಲೇಟ್‌ಗೆ ತಿಳಿದಿದ್ದು ನನ್ನ ಲ್ಯಾಪ್‌ಟಾಪಿನ ಟೆಂಪ್ಲೇಟ್‌ಗೆ ತಿಳಿದಿರಲಿಲ್ಲ.

7/7
ಕೊನೆಗೆ ನಾವು ಮಾಡಿದ್ದು ಇಷ್ಟು, ನೀವೂ ಮಾಡಬಹುದು.

ಟೂಲ್ ತೆರೆಯೋ ಮುಂಚೆ ಬಿಳಿ ಹಾಳೆಯ ಮೇಲೆ ಬೇಕಾದ ಪುಟವನ್ನ ಪೆನ್ಸಿಲ್‌ನಿಂದ ಬರೆದೆವು. ಟೆಂಪ್ಲೇಟ್ ಫೈಲ್ ತೆಗೆದು ಬೇಡದ ಸಾಲುಗಳನ್ನ ಅಳಿಸಿ 'ಈ ಹಂತದಿಂದ ಮುಂದಕ್ಕೆ ಹೋಗುವ ಷರತ್ತು' ಅಂತ ಒಂದು ಸಾಲು ಸೇರಿಸಿದೆವು. ಹಂತಗಳಿಗೆ 01, 02 ಅಂತ ಸಂಖ್ಯೆ ಕೊಟ್ಟೆವು. ಅಕ್ಷರಮಾಲೆ ಆಟ ನಿಂತಿತು. ಅಲಂಕಾರವನ್ನ ಕೈಯಿಂದ ಮಾಡೋದು ಬಿಟ್ಟು ವರ್ಡ್‌ನ ಹೆಡಿಂಗ್ ಸ್ಟೈಲ್‌ಗಳಲ್ಲಿ ಇಟ್ಟೆವು. ಈಗ ನೂರು ಸಲ ಜನರೇಟ್ ಮಾಡಿದ್ರೂ ಕೆಡೋದಿಲ್ಲ. ಚಿತ್ರವನ್ನ ದೊಡ್ಡ ಅಳತೆಯ ಪಿಎನ್‌ಜಿ ಮಾಡಿ, ಎರಡು ಭಾಗ ಮಾಡಿ ಹಾಕಿದೆವು. ಮೂವತ್ತೊಂದು ಪುಟ ಹನ್ನೊಂದಕ್ಕೆ ಇಳಿಯಿತು.

ಆ ಹನ್ನೊಂದು ಪುಟ ಹಿಡ್ಕೊಂಡು ಹುಮನಾಬಾದಿಗೆ ಹೋದೆವು. ಮುನೀಮರು ಕನ್ನಡಕ ಏರಿಸಿ ನಿಧಾನಕ್ಕೆ ಓದಿದರು. ತೂಕದ ಪುಟಕ್ಕೆ ಬಂದಾಗ ಬೆರಳು ಷರತ್ತಿನ ಸಾಲಿನ ಮೇಲೆ ನಿಂತಿತು. "ಇದು ಬರೋಬ್ಬರಿ ಅದ. ಆದ್ರ ಮತ್ತೊಮ್ಮೆ ತೂಗಿದ್ರ ಹಮಾಲಿ ಯಾರ ಲೆಕ್ಕಕ್ಕ? ಅದನ್ನೂ ಬರೀರಿ. ಆ ಖರ್ಚು ರೈತನ ಪಟ್ಟಿಗೆ ಬೀಳಬಾರದು. ಬಿದ್ರ ಯಾರೂ ಎರಡನೇ ಸಲ ತೂಗು ಅನ್ನಂಗಿಲ್ಲ."

ನಾವು ನಾಲ್ಕೂ ಜನ ಮುಖ ಮುಖ ನೋಡಿಕೊಂಡೆವು. ಕಾಸ್ಟ್ ಅಕೌಂಟಿಂಗ್ ಪುಸ್ತಕ ಓದಿ ಪಾಸಾದ ನಮಗೆ, ಒಂದು ಹಕ್ಕಿಗೆ ಖರ್ಚು ಹಚ್ಚಿದ್ರ ಹಕ್ಕು ಸಾಯ್ತದ ಅನ್ನೋದನ್ನ ಅವರು ಒಂದೇ ಮಾತಿನಾಗ ಹೇಳಿದ್ರು. ಪರದೆ ಮೇಲಿನ ಚಿತ್ರ ಅವರಿಗೆ ಎರಡು ಸಲ ತೋರಿಸಿದ್ದೆವು. ಆಗ ತಲೆ ಆಡಿಸಿದ್ದರು ಅಷ್ಟೇ. ಓದಲಿಕ್ಕೆ ಬರುವ ಕನ್ನಡದಲ್ಲಿ, ಕೈಯಲ್ಲಿ ಹಿಡಿಯುವ ಕಾಗದ ಸಿಕ್ಕ ಮೇಲೆ ತಿದ್ದಿದರು. ಚೆಂದದ ಫಾರ್ಮ್ಯಾಟ್ ಬರೀ ಮಾರ್ಕ್ಸಿಗೆ ಅಂತ ಯಾರಾದ್ರೂ ಅಂದ್ರ ಈ ಮಾತು ಹೇಳ್ರಿ.

ನಿಮ್ಮ ರಿಪೋರ್ಟ್ ಜನರೇಟ್ ಆದ ಮೇಲೆ ಪುಟ ಎಣಿಸಬ್ಯಾಡ್ರಿ. ಮಾಡೆಲ್ ಪಕ್ಕಕ್ಕೆ ಇಟ್ಕೊಂಡು ಬಾಣ ಎಣಿಸ್ರಿ. ಯಾವ ಬಾಣ ಕಾಗದಕ್ಕೆ ಬಂದಿಲ್ಲೋ ಅದರ ಮೇಲೆ ಯಾರ ಮಾತಿತ್ತು ಅಂತ ನೋಡ್ರಿ. ಟೆಂಪ್ಲೇಟ್ ಫೈಲ್ ಬೇಕಾದವರು ಮೆಸೇಜ್ ಹಾಕ್ರಿ, ಕಳಸ್ತೀನಿ. ಹಮಾಲಿಯ ಸಾಲೂ ಸೇರಿಸೀನಿ.

#ಬಿಕಾಂಬದುಕು #ಪ್ರಾಜೆಕ್ಟ್‌ಸೀಸನ್ #ಬಸವಕಲ್ಯಾಣ #ಹುಮನಾಬಾದ್ #ಕನ್ನಡಯೂನಿಕೋಡ್